ಬಾಗಿಲ ಮೇಲಿನ ಮನೆ

ಕೇಳುಗರೆಲ್ಲರಿಗೂ ನಮಸ್ಕಾರ.

ಇಂಗ್ಲಿಷಿನಲ್ಲಿ ಗೇಟ್‌ಹೌಸ್ ಅನ್ನುವ ಮಾತಿದೆ. ಹಿಂದಿಯಲ್ಲಿ ಅದನ್ನು ದ್ವಾರಗೃಹ ಅನ್ನುತ್ತಾರೆ. ಹಳೆಯ ಹವೇಲಿಗಳ ವಿಷಯವಾದರೆ ಡ್ಯೋಢಿ ಅನ್ನುವುದೂ ಉಂಟು. ಹೆಬ್ಬಾಗಿಲ ಮೇಲೆ, ಅದರ ಎರಡೂ ಪಕ್ಕಕ್ಕೆ ಕಟ್ಟಿದ ಮನೆ. ಅರ್ಥ ಇಷ್ಟೇ. ಆದರೆ ಬಾಗಿಲಿಗೆ ಮನೆ ಯಾಕೆ ಬೇಕಾಯಿತು?

ಕೋಟೆ ಕಟ್ಟುವವನ ಕಷ್ಟ ನೋಡಿ. ಎಷ್ಟೇ ದಪ್ಪ ಗೋಡೆ ಎಬ್ಬಿಸಿದರೂ ಜನ ಓಡಾಡಲು ಒಂದು ಕಡೆ ಜಾಗ ಬಿಡಲೇಬೇಕು. ವೈರಿ ನುಗ್ಗುವುದೂ ಅಲ್ಲೇ. ಹಾಗಾಗಿ ಬುದ್ಧಿ, ಹಣ ಎರಡನ್ನೂ ಅವರು ಬಾಗಿಲಿಗೇ ಸುರಿದರು. ವೇಲ್ಸ್‌ನ ಹಾರ್ಲೆಕ್ ಕೋಟೆಯನ್ನೇ ತೆಗೆದುಕೊಳ್ಳಿ. ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ 1282ರಿಂದ 1289ರ ನಡುವೆ ಕಟ್ಟಿಸಿದ್ದು. ಅಲ್ಲಿ ಎಲ್ಲಕ್ಕಿಂತ ಭಾರಿ ಕಟ್ಟಡ ಅಂದರೆ ಬಾಗಿಲ ಮನೆಯೇ. ಎರಡು ದೊಡ್ಡ ಬುರುಜುಗಳ ನಡುವೆ ಒಂದು ಇಕ್ಕಟ್ಟಾದ ಓಣಿ. ಅದರಲ್ಲಿ ಮೇಲಿನಿಂದ ಇಳಿಬಿಡುವ ಕಂಬಿ ಬಾಗಿಲು ಒಂದಲ್ಲ, ಮೂರು. ಜೊತೆಗೆ ಮರದ ಕದ, ದಪ್ಪ ಅಗಳಿ. ಪಕ್ಕದ ಗೋಡೆಗಳಲ್ಲಿ ಬಾಣ ಬಿಡುವ ಕಿಂಡಿಗಳು. ಮಾಡಿಯಲ್ಲಿ ಮಾತ್ರ ಬೆಂಕಿಗೂಡು, ಕಿಟಕಿ ಇರುವ ಒಳ್ಳೆಯ ಕೋಣೆಗಳು. ಕೋಟೆಯ ಅಧಿಕಾರಿಯ ವಾಸ ಅಲ್ಲೇ.

ಇಂಥ ಓಣಿಗಳ ಚಾವಣಿಯಲ್ಲಿ ತೂತು ಬಿಡುತ್ತಿದ್ದರು. ಅಲ್ಲಿಂದ ಕುದಿಯುವ ಎಣ್ಣೆ ಸುರಿಯುತ್ತಿದ್ದರು ಅಂತ ಸಿನಿಮಾಗಳಲ್ಲಿ ತೋರಿಸುತ್ತಾರೆ ಅಲ್ವಾ? ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಎಣ್ಣೆ ಆಗ ದುಬಾರಿ ವಸ್ತು. ಕಲ್ಲು, ಬಿಸಿ ಮರಳು, ಬಿಸಿನೀರು ಸಾಕಾಗುತ್ತಿತ್ತು. ತಣ್ಣೀರೂ ಬೇಕಿತ್ತು. ಮರದ ಕದಕ್ಕೆ ವೈರಿ ಬೆಂಕಿ ಇಟ್ಟರೆ ಆರಿಸಬೇಕಲ್ಲ!

ನಮ್ಮ ದೇಶದಲ್ಲಿ ಬಾಗಿಲಿಗೆ ಇನ್ನೊಂದು ಶತ್ರು ಇತ್ತು, ಆನೆ. ಪುಣೆಯಲ್ಲಿ ಪೇಶ್ವೆಗಳ ಅರಮನೆಯಾಗಿದ್ದ ಶನಿವಾರವಾಡೆಯ ದಿಲ್ಲಿ ದರವಾಜೆಯ ಕದಗಳಲ್ಲಿ ಉದ್ದುದ್ದ ಮೊಳೆಗಳು ಈಗಲೂ ಇವೆ. ಆನೆ ಹಣೆಯಿಟ್ಟು ತಳ್ಳಬಾರದು ಅಂತ ಈ ಏರ್ಪಾಡು. ದಿನದ ಓಡಾಟಕ್ಕೆ ಆ ದೊಡ್ಡ ಕದದಲ್ಲೇ ಒಂದು ಚಿಕ್ಕ ದಿಡ್ಡಿ. ತಲೆ ಬಗ್ಗಿಸಿ ಒಬ್ಬೊಬ್ಬರೇ ಒಳಗೆ ಬರಬೇಕು. ಆಗ್ರಾ ಕೋಟೆಯಲ್ಲಿ ಇನ್ನೊಂದು ಉಪಾಯ. ಅಮರ್ ಸಿಂಗ್ ದ್ವಾರದ ದಾರಿಯನ್ನೇ ಸೊಟ್ಟಗೆ ತಿರುಗಿಸಿದ್ದಾರೆ. ಓಡಿಬಂದ ವೇಗವೆಲ್ಲ ಆ ತಿರುವಿನಲ್ಲಿ ಇಳಿದುಹೋಗುತ್ತದೆ.

ದಿಲ್ಲಿಯ ಕೆಂಪುಕೋಟೆಯ ಲಾಹೋರಿ ದ್ವಾರದ ಎದುರು ಔರಂಗಜೇಬ ಅಡ್ಡವಾಗಿ ಇನ್ನೊಂದು ಗೋಡೆ ಕಟ್ಟಿಸಿದ. ಮದುಮಗಳಂಥ ಕೋಟೆಗೆ ಮುಸುಕು ಹಾಕಿಬಿಟ್ಟೆಯಲ್ಲ ಅಂತ, ಅದನ್ನು ಕಟ್ಟಿಸಿ ಆಗ ಸೆರೆಯಲ್ಲಿದ್ದ ಅವನ ತಂದೆ ಶಾಹಜಹಾನ್ ನೊಂದುಕೊಂಡನಂತೆ. ಅದೇ ಕೋಟೆಯೊಳಗೆ ನೌಬತ್ ಖಾನಾ ಇದೆ. ಅದೂ ಬಾಗಿಲ ಮೇಲಿನ ಮನೆಯೇ. ಆದರೆ ಅದರ ಮಾಡಿಯಲ್ಲಿ ಇದ್ದದ್ದು ಬಿಲ್ಲುಗಾರರಲ್ಲ, ನಗಾರಿ, ಶಹನಾಯಿ ನುಡಿಸುವವರು. ದಿನಕ್ಕೆ ಐದು ಸಲ ವಾದ್ಯ ಮೊಳಗುತ್ತಿತ್ತು. ಆನೆಯ ಮೇಲೆ ಬಂದವರು ಇಲ್ಲಿ ಇಳಿದು ನಡೆಯಬೇಕಿತ್ತು. ಅದಕ್ಕೇ ಹಾಥಿ ಪೋಲ್ ಅನ್ನುವ ಹೆಸರೂ ಇದಕ್ಕಿದೆ.

ಯುದ್ಧ ಇಲ್ಲದಾಗ ಈ ಕೋಣೆಗಳನ್ನು ಸುಮ್ನೆ ಖಾಲಿ ಬಿಡುತ್ತಿರಲಿಲ್ಲ. ಲಂಡನ್ ನಗರದ ಆಲ್ಡ್‌ಗೇಟ್ ಬಾಗಿಲ ಮೇಲಿನ ಮನೆಯನ್ನು 1374ರಲ್ಲಿ ಕವಿ ಜೆಫ್ರಿ ಚಾಸರನಿಗೆ ಕೊಟ್ಟರು. ಬಾಡಿಗೆ ಇಲ್ಲ. ಮನೆ ಚೆನ್ನಾಗಿ ಇಟ್ಟುಕೊಳ್ಳಬೇಕು, ನಗರಕ್ಕೆ ಅಪಾಯ ಬಂದರೆ ಕಾವಲಿನವರನ್ನು ಒಳಗೆ ಬಿಡಬೇಕು. ಷರತ್ತು ಅಷ್ಟೇ. ಆತ ಸುಂಕದ ಕಚೇರಿಯ ನೌಕರ. ಹಗಲೆಲ್ಲ ಉಣ್ಣೆಯ ಲೆಕ್ಕ ಬರೆದು ಸಂಜೆ ಇಲ್ಲಿಗೆ ಮರಳುತ್ತಿದ್ದ. 1381ರ ರೈತ ದಂಗೆಯಲ್ಲಿ ಎಸೆಕ್ಸ್ ಕಡೆಯ ಜನ ನಗರದೊಳಗೆ ನುಗ್ಗಿದ್ದು ಇದೇ ಬಾಗಿಲಿನಿಂದ. ಕಾವಲಿನ ಮನೆ ಅಂದರೆ ಕಾವಲು ಗಟ್ಟಿ ಅಂತ ಏನಿಲ್ಲ ನೋಡಿ, ಒಳಗಿನವರು ಕದ ತೆರೆದುಬಿಟ್ಟರೆ ಮುಗಿಯಿತು.

ಹೊರಗಿನವರನ್ನು ತಡೆಯುವ ಗೋಡೆ ಒಳಗಿನವರನ್ನೂ ತಡೆಯುತ್ತದೆ. ಹಾಗಾಗಿ ಎಷ್ಟೋ ಗೇಟ್‌ಹೌಸ್‌ಗಳು ಜೈಲುಗಳಾದವು. ಲಂಡನ್ನಿನ ನ್ಯೂಗೇಟ್ ಬಾಗಿಲು ಜೈಲಾಗಿಯೇ ಹೆಸರಾಯಿತು. 1618ರಲ್ಲಿ ಇಂಗ್ಲೆಂಡಿನ ಹೆಸರಾಂತ ನಾವಿಕ ಸರ್ ವಾಲ್ಟರ್ ರಾಲಿ ಶಿರಚ್ಛೇದಕ್ಕೆ ತಲೆ ಕೊಡುವ ಮುನ್ನ ಕೊನೆಯ ರಾತ್ರಿ ಕಳೆದದ್ದು ವೆಸ್ಟ್‌ಮಿನ್ಸ್ಟರ್‌ನ ಗೇಟ್‌ಹೌಸ್‌ನಲ್ಲಿ.

ಫಿರಂಗಿ ಬಂದಮೇಲೆ ಎತ್ತರದ ಬಾಗಿಲಿನ ಉಪಯೋಗ ಕಡಿಮೆಯಾಯಿತು. ಶ್ರೀಮಂತರ ಬಂಗಲೆಗಳ ಮುಂದೆ ಅದು ಕಾವಲುಗಾರನ ಪುಟ್ಟ ಮನೆಯಾಗಿ ಉಳಿಯಿತು. ಲಂಡನ್ನಿನ ಹಳೆಯ ಬಾಗಿಲುಗಳನ್ನು ಬೀಳಿಸಿದ್ದು ಮಾತ್ರ ಫಿರಂಗಿ ಅಲ್ಲ, ಗಾಡಿಗಳ ದಟ್ಟಣೆ. ರಸ್ತೆ ಸಾಲದೆ 1760 ಮತ್ತು 1761ರಲ್ಲಿ ಹಲವನ್ನು ಕೆಡವಿದರು. ಚಾಸರನಿದ್ದ ಆಲ್ಡ್‌ಗೇಟೂ ಆಗಲೇ ಹೋಯಿತು. ಲಡ್‌ಗೇಟ್ ಬಾಗಿಲ ಮೇಲಿದ್ದ ರಾಣಿ ಒಂದನೇ ಎಲಿಜಬೆತ್‌ಳ ವಿಗ್ರಹವನ್ನು ಮಾತ್ರ ಉಳಿಸಿಕೊಂಡರು. ನೋಡಬೇಕಾದರೆ ಫ್ಲೀಟ್ ಸ್ಟ್ರೀಟಿನ ಸೇಂಟ್ ಡನ್‌ಸ್ಟನ್ ಚರ್ಚಿಗೆ ಹೋಗಬೇಕು.

ನಮಸ್ಕಾರ.