ಕಂಬಳಿ ಹೊದ್ದ ಐಸ್

ಎಲ್ಲರಿಗೂ ನಮಸ್ಕಾರ. ಏಳನೇ ಕ್ಲಾಸು, ಎಂಟನೇ ಕ್ಲಾಸಿನ ಮಕ್ಕಳು ರೇಡಿಯೋ ಹತ್ತಿರ ಬನ್ನಿ. ದೊಡ್ಡವರು ಅಡುಗೆಮನೆಯಿಂದಲೇ ಕೇಳಿಸಿಕೊಂಡರೂ ಸಾಕು. ಶಾಖದ ಬಗ್ಗೆ ಮಾತಾಡಿ ಅಂತ ಆರು ನಿಮಿಷ ಕೊಟ್ಟಿದ್ದಾರೆ. ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವನಿಗೆ ಆರು ನಿಮಿಷ ಹಾಜರಿ ಕೂಗುವುದಕ್ಕೂ ಸಾಲದು. ಹಾಗಾಗಿ ಒಂದೇ ಮಾತು ಹೇಳುತ್ತೇನೆ. ಶಾಖ ಬಿಸಿ ಇರುವ ಕಡೆಯಿಂದ ತಣ್ಣಗಿರುವ ಕಡೆಗೆ ಹೋಗುತ್ತದೆ. ಚಳಿ ಎಲ್ಲಿಂದಲೂ ಎಲ್ಲಿಗೂ ಹೋಗುವುದಿಲ್ಲ.

"ಬಾಗಿಲು ಹಾಕೋ, ಚಳಿ ಒಳಗೆ ಬರ್ತದೆ" ಅಂತ ಅಮ್ಮ ಹೇಳುತ್ತಾರೆ, ಅಲ್ವಾ? ಅಮ್ಮನ ಮಾತು ಕೇಳಿ, ಬಾಗಿಲು ಹಾಕಿ. ಆದರೆ ಪರೀಕ್ಷೆಯಲ್ಲಿ ಹಾಗೆ ಬರೆಯಬೇಡಿ. ಮನೆಯ ಶಾಖ ಆಚೆ ಹೋಗುತ್ತಿದೆ, ಅಷ್ಟೇ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಕ್ಕನ ಮದುವೆ ಆಯಿತು. ಸಕಲೇಶಪುರದ ಹತ್ತಿರ ನಮ್ಮೂರು. ಮೇ ತಿಂಗಳು. ದಿಬ್ಬಣದವರು ಪೇಟೆಯವರು, ಶರಬತ್ತಿಗೆ ಐಸ್ ಬೇಕೇ ಬೇಕು ಅಂತ ಚಿಕ್ಕಪ್ಪನ ಹಠ. ಊರಲ್ಲಿ ಆಗ ಫ್ರಿಜ್ ಇದ್ದ ಮನೆ ಒಂದೂ ಇರಲಿಲ್ಲ. ಚಿಕ್ಕಪ್ಪ ಹಾಸನಕ್ಕೆ ಹೋಗಿ ದಿಂಬಿನಷ್ಟು ದಪ್ಪದ ಎರಡು ಐಸ್ ಗಡ್ಡೆ ತಂದರು. ಭತ್ತದ ಹೊಟ್ಟು ತುಂಬಿದ ಗೋಣಿಚೀಲದೊಳಗೆ ಇಟ್ಟು, ಮೇಲೆ ಕಂಬಳಿ ಸುತ್ತಿ, ಬಸ್ಸಿನ ಟಾಪ್ ಮೇಲೆ ಸುಮಾರು 40 ಕಿಲೋಮೀಟರ್.

ಬೆಳಿಗ್ಗೆ ಬಂದು ಇಳಿಸಿದ್ದೇ ತಡ, ಸೋದರಮಾವ ಕೂಗಾಡಿದರು. "ಬುದ್ಧಿ ಇದೆಯೇನಯ್ಯಾ ನಿನಗೆ? ಕಂಬಳಿ ಹೊದ್ದರೆ ನಮಗೇ ಬೆವರು ಕಿತ್ತುಕೊಂಡು ಬರುತ್ತೆ. ಐಸ್ ಕರಗದೆ ಇರುತ್ತಾ?" ಮಾವ ಅಂದರೆ ಮನೆಯಲ್ಲಿ ಎಲ್ಲರಿಗೂ ಹೆದರಿಕೆ. ಒಂದು ಗಡ್ಡೆಯ ಕಂಬಳಿ, ಗೋಣಿ ಎಲ್ಲ ಬಿಚ್ಚಿಸಿ, ಹಿತ್ತಲ ನೆರಳಲ್ಲಿ ತಾಮ್ರದ ಕೊಪ್ಪರಿಗೆಯೊಳಗೆ ಇಡಿಸಿದರು. "ಗಾಳಿಯಾಡಲಿ" ಅಂದರು. ಇನ್ನೊಂದನ್ನೂ ಬಿಚ್ಚಿಸುವಷ್ಟರಲ್ಲಿ ಅಡುಗೆ ಭಟ್ಟರು ಕರೆದರು, ಮಾವ ಅತ್ತ ಹೋದರು. ಅದು ಕಂಬಳಿಯೊಳಗೇ ಉಳಿಯಿತು.

ಹುಡುಗರು ಐಸ್ ಕೆತ್ತಿಕೊಂಡು ಹೋಗದಿರಲಿ ಅಂತ ನನ್ನನ್ನು ಕಾವಲಿಗೆ ಕೂರಿಸಿದರು. ಮೊದಲು ಕೆತ್ತಿದವನು ನಾನೇ, ಬಿಡಿ. ಕೊಪ್ಪರಿಗೆಯ ಹೊರಮೈಗೆ ಬೆರಳಿಟ್ಟರೆ ಜುಂ ಅನ್ನುತ್ತಿತ್ತು. ಅದರ ಮೈತುಂಬ ನೀರಿನ ಹನಿ. ಮಧ್ಯಾಹ್ನಕ್ಕೆ ಗಡ್ಡೆಯ ಮೂಲೆಗಳು ಸವೆದ ಸೋಪಿನ ಹಾಗಾದವು. ಸಂಜೆ ದಿಬ್ಬಣ ಬರುವ ಹೊತ್ತಿಗೆ ಕೊಪ್ಪರಿಗೆ ತುಂಬ ನೀರು, ಅದರಲ್ಲಿ ತೆಂಗಿನಕಾಯಿಯಷ್ಟು ಐಸ್ ತೇಲುತ್ತಿತ್ತು. ಚಿಕ್ಕಪ್ಪ ಮಾತಾಡದೆ ಇನ್ನೊಂದರ ಕಂಬಳಿ ಬಿಚ್ಚಿದರು. ಹೊಟ್ಟು ಮೆತ್ತಿಕೊಂಡ ಗಡ್ಡೆ ಮುಕ್ಕಾಲು ಪಾಲು ಹಾಗೇ ಇತ್ತು. ಮಾವ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಚಪ್ಪರದ ಗೂಟ ಸರಿ ಇದೆಯಾ ಅಂತ ನೋಡಲು ಹೋದರು.

ಕಂಬಳಿ ಬಿಸಿ ಅಲ್ಲ ಮಕ್ಕಳೇ. ಮಡಿಸಿಟ್ಟ ಕಂಬಳಿಯೊಳಗೆ ಥರ್ಮಾಮೀಟರ್ ಇಟ್ಟು ನೋಡಿ. ಜ್ವರ ನೋಡುವುದಲ್ಲ, ಸ್ಕೂಲಿನ ಲ್ಯಾಬಿನದು. ಕೋಣೆಯಲ್ಲಿ ಎಷ್ಟು ತಾಪ ಇದೆಯೋ ಅಷ್ಟೇ ತೋರಿಸುತ್ತದೆ. ಉಣ್ಣೆಯ ಎಳೆಗಳ ಮಧ್ಯೆ, ಹೊಟ್ಟಿನ ಸಂದಿಯಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಅಲ್ಲಾಡದ ಗಾಳಿ ಶಾಖವನ್ನು ಸುಲಭಕ್ಕೆ ದಾಟಿಸುವುದಿಲ್ಲ. ನೀವು ಹೊದ್ದರೆ ನಿಮ್ಮ ಮೈಯ ಶಾಖವನ್ನು ಆಚೆ ಬಿಡುವುದಿಲ್ಲ. ಐಸ್‌ಗೆ ಹೊದಿಸಿದರೆ ಆಚೆಯ ಶಾಖವನ್ನು ಒಳಗೆ ಬಿಡುವುದಿಲ್ಲ. ಒಳಗೆ ಮಲಗಿದವರು ಯಾರು ಅಂತ ಕಂಬಳಿಗೇನು ಗೊತ್ತು? ತಾಮ್ರ ಹಾಗಲ್ಲ, ಸಿಕ್ಕಿದ ಶಾಖವನ್ನು ತಕ್ಷಣ ದಾಟಿಸಿಬಿಡುತ್ತದೆ. ಮತ್ತೆ ಹೇಳುತ್ತೇನೆ, ಐಸಿನಿಂದ ತಂಪು ಸೋರಿ ಹೋಗಲಿಲ್ಲ. ಹಿತ್ತಲ ಶಾಖ ಐಸಿಗೆ ನುಗ್ಗಿತು.

ನುಗ್ಗಿದ ಶಾಖ ಏನಾಯಿತು? ಐಸ್ ಪೂರ್ತಿ ಕರಗುವ ತನಕ ಅದರ ತಾಪ 0 ಡಿಗ್ರಿಯಲ್ಲೇ ನಿಂತಿರುತ್ತದೆ. ಘನ ಅಂದರೆ ಕಣಗಳು ಪ್ರಾರ್ಥನೆಗೆ ಸಾಲಾಗಿ ನಿಂತ ಹಾಗೆ, ನಿಂತಲ್ಲೇ ಕಾಲು ಕುಣಿಸುತ್ತಾ. ದ್ರವ ಅಂದರೆ ಸಾಲು ಮುರಿದು ತಳ್ಳಾಡಿಕೊಂಡು ಕ್ಲಾಸಿಗೆ ಹೋದ ಹಾಗೆ. ಅನಿಲ ಅಂದರೆ ಲಾಂಗ್ ಬೆಲ್. ಸಾಲು ಮುರಿಯುವುದಕ್ಕೇ ಒಂದು ಗ್ರಾಂ ಐಸ್‌ಗೆ 80 ಕ್ಯಾಲರಿ ಶಾಖ ಬೇಕು. ಅಷ್ಟು ಶಾಖವನ್ನು ಒಂದು ಗ್ರಾಂ ನೀರಿಗೆ ಕೊಟ್ಟರೆ 0 ಡಿಗ್ರಿಯಿಂದ 80ಕ್ಕೆ ಏರುತ್ತದೆ, ಕಾಫಿಯ ಹಾಗೆ ಬಾಯಿ ಸುಡುತ್ತದೆ! ಇದನ್ನು 1762ರ ಸುಮಾರಿಗೆ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜೋಸೆಫ್ ಬ್ಲ್ಯಾಕ್ ಅನ್ನುವ ವಿಜ್ಞಾನಿ ವಿವರಿಸಿದರು. ನಿಮ್ಮ ಪುಸ್ತಕದಲ್ಲಿ ಗುಪ್ತೋಷ್ಣ ಅಂತ ಇರುತ್ತದೆ.

ಗಾಜಿನ ಆಚೆಯಿಂದ ಕೈಸನ್ನೆ ಬರುತ್ತಿದೆ. ಐಸ್ ಕಥೆ ಜಾಸ್ತಿಯಾಯಿತು ಅಂತ ಕಾಣುತ್ತೆ. ಶಾಖ ಸಾಗುವ ದಾರಿ ಮೂರು: ವಹನ, ಸಂವಹನ, ವಿಕಿರಣ. ಮೂರಕ್ಕೂ ನಿಮ್ಮ ಬಚ್ಚಲ ಒಲೆಯೇ ಸಾಕು. ಹಂಡೆಯ ತಾಮ್ರ ದಾಟಿ ಶಾಖ ನೀರಿಗೆ ಬರುವುದು ವಹನ. ತಳದ ನೀರು ಕಾದು ಹಗುರಾಗಿ ಮೇಲೇರುವುದು, ತಣ್ಣನೆಯದು ಕೆಳಗಿಳಿಯುವುದು ಸಂವಹನ. ಒಲೆಯ ಮುಂದೆ ಕೂತವರ ಮುಖಕ್ಕೆ ಬಿಸಿ ತಾಗುವುದು ವಿಕಿರಣ. ಅಂಗಳದಲ್ಲಿ ಒಣಗಲು ಹರಡಿದ ಕಾಫಿಗೆ ಸೂರ್ಯನ ಶಾಖ ಬರುವುದೂ ಹಾಗೆಯೇ. ಇನ್ನೊಂದು, ಮುಳ್ಳಯ್ಯನಗಿರಿಯ ತುದಿಯಲ್ಲಿ ನೀರು 100ಕ್ಕಲ್ಲ, 94 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಅಲ್ಲಿ ಗಾಳಿಯ ಒತ್ತಡ ಕಡಿಮೆ. ಅದನ್ನು ವಿವರಿಸುವುದಕ್ಕೇ ಇನ್ನೊಂದು ಆರು ನಿಮಿಷ ಬೇಕಿತ್ತು, ಇರಲಿ.

ನಾಳೆ ಬೆಳಿಗ್ಗೆ ಎದ್ದ ಕೂಡಲೇ ಒಂದು ಕೈಯಲ್ಲಿ ಸ್ಟೀಲ್ ಚೊಂಬು, ಇನ್ನೊಂದು ಕೈಯಲ್ಲಿ ಮರದ ಮಣೆ ಮುಟ್ಟಿ. ಎರಡೂ ರಾತ್ರಿಯಿಡೀ ಒಂದೇ ಕೋಣೆಯಲ್ಲಿದ್ದವು, ಎರಡರ ತಾಪವೂ ಒಂದೇ. ಆದರೂ ಚೊಂಬು ಮಾತ್ರ ತಣ್ಣಗೆ ಕೊರೆಯುತ್ತದೆ. ಯಾಕೆ ಅಂತ ನಿಮ್ಮ ಟೀಚರಿಗೆ ಬರೆದು ತೋರಿಸಿ. ಚಳಿ ಬಂತು ಅಂತ ಬರೆದವರಿಗೆ ನನ್ನ ಕ್ಲಾಸಿನಲ್ಲಿ ಸೊನ್ನೆ. ನಮಸ್ಕಾರ.