ಹುಂಜದ ಹೊಟ್ಟೆಯೊಳಗಿನ ನೆರಿಗೆ ನಾಳಗಳು

[ಪರದೆ: ಕೊಯ್ದ ಹುಂಜ. ಬೆನ್ನೆಲುಬಿನ ಪಕ್ಕಕ್ಕೆ ಕ್ಯಾಮೆರಾ ಹತ್ತಿರ ಹೋಗುತ್ತದೆ]

ನಮಸ್ಕಾರ. ನಾಟಿ ಹುಂಜ ಕೊಯ್ದಾಗ ಒಳಗೆ ಬೆನ್ನಿಗಂಟಿದಂತೆ ಎರಡು ಬೆಳ್ಳನೆಯ ಗಡ್ಡೆ ಕಾಣುತ್ತವೆ, ಅಲ್ವಾ? ಆಕಾರ ಅವರೆಕಾಳಿನದು, ಗಾತ್ರ ಮಾತ್ರ ಜಾಸ್ತಿ. ಅವೇ ವೃಷಣಗಳು.

ಹೋರಿ, ಟಗರು, ಮನುಷ್ಯ, ಇವರಿಗೆಲ್ಲ ವೃಷಣ ಮೈಯಿಂದ ಆಚೆ, ಚೀಲದಲ್ಲಿರುತ್ತದೆ. ಇವರ ವೀರ್ಯಾಣು ಬೆಳೆಯಲು ತಂಪು ಬೇಕು. ಹುಂಜಕ್ಕೆ ಆ ಚೀಲವೇ ಇಲ್ಲ. ಅದರ ಮೈ ಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ನಮಗಾದರೆ ಜೋರು ಜ್ವರ! ಆ ಬಿಸಿಯಲ್ಲೇ ಅದರ ವೀರ್ಯಾಣು ತಯಾರಾಗುತ್ತವೆ.

[ಪರದೆ: ಸೂಕ್ಷ್ಮದರ್ಶಕದ ಸ್ಲೈಡ್, ಗುಲಾಬಿ ಮತ್ತು ನೇರಳೆ ಬಣ್ಣ]

ಇದು ವೃಷಣದ ತೆಳು ಪದರ. ದುಂಡಗೆ ಕಾಣುವುದೆಲ್ಲ ಅಡ್ಡ ಕತ್ತರಿಸಿದ ನಾಳಗಳು. ಒಂದರ ಅಂಚಿನಿಂದ ಒಳಕ್ಕೆ ಬನ್ನಿ. ಮೊದಲು ಒಂದು ಎರಡಾಗಿ ಒಡೆಯುತ್ತಿರುವ ಕೋಶಗಳು. ಆಮೇಲೆ ಪುಟ್ಟ ದುಂಡು ಕೋಶಗಳು. ನಡುವಿನ ಹತ್ತಿರ ನೇರಳೆ ಎಳೆಗಳ ಕಟ್ಟು. ಅವು ವೀರ್ಯಾಣುಗಳ ತಲೆ. ವೀರ್ಯಾಣುಗಳನ್ನು ಪೋಷಿಸುವ ಸೆರ್ಟೋಲಿ ಕೋಶಕ್ಕೆ ತಲೆ ಊರಿಕೊಂಡು ಬೆಳೆಯುತ್ತಿವೆ.

[ಪರದೆ: ಎಪಿಡಿಡಿಮಿಸ್ ಸ್ಲೈಡ್]

ನನಗೆ ತುಂಬ ಇಷ್ಟದ ಜಾಗ ಇದು, ಎಪಿಡಿಡಿಮಿಸ್. ವೃಷಣದಿಂದ ಹೊರಟ ವೀರ್ಯಾಣು ಹಾದುಹೋಗುವ ನಾಳ. ಮನುಷ್ಯರ ಎಪಿಡಿಡಿಮಿಸ್ ಬಿಡಿಸಿದರೆ ಸುಮಾರು 6 ಮೀಟರ್ ಉದ್ದ. ಹುಂಜದ್ದು ವೃಷಣದ ಅಂಚಿಗಂಟಿದ ಸಣ್ಣ ಚಪ್ಪಟೆ ಪಟ್ಟಿ. ಸುಮ್ನೆ ನೋಡಿದರೆ ಕಣ್ಣಿಗೇ ಬೀಳುವುದಿಲ್ಲ. ಒಳಗೆ ನೋಡಿ, ನಾಳದ ಗೋಡೆ ಸೀರೆ ನೆರಿಗೆಯ ಹಾಗೆ ಮಡಚಿಕೊಂಡಿದೆ. ಕೆಲವು ಕೋಶಗಳ ಮೇಲೆ ಸಿಲಿಯಾ ಎಂಬ ರೋಮಗಳಿವೆ, ಅವು ದ್ರವವನ್ನು ಕಲಕುತ್ತವೆ. ಪಕ್ಕದ ಕೋಶಗಳು ನೀರು ಹೀರುತ್ತವೆ. ನೆರಿಗೆ ಇದ್ದಷ್ಟೂ ಹೀರಲು ಜಾಗ ಜಾಸ್ತಿ. ವೃಷಣದಿಂದ ತೆಳ್ಳಗೆ ಬಂದ ದ್ರವ ಇಲ್ಲಿ ಗಟ್ಟಿಯಾಗುತ್ತದೆ.

ವೀರ್ಯಕ್ಕೆ ದ್ರವ ಸೇರಿಸುವ ಪ್ರಾಸ್ಟೇಟ್ ಗ್ರಂಥಿಯೂ ಹುಂಜಕ್ಕೆ ಇಲ್ಲ, ಮುಂದೆ ದ್ರವ ಸುರಿಯುವವರು ಕಡಿಮೆ. ಅದಕ್ಕೇ ಅದರ ವೀರ್ಯ ಅಷ್ಟು ಗಟ್ಟಿ. 1 ಮಿಲಿಲೀಟರಿನಲ್ಲಿ ನೂರಾರು ಕೋಟಿ ವೀರ್ಯಾಣು!

[ಪರದೆ: ವೀರ್ಯನಾಳ]

ಮುಂದಿನ ವೀರ್ಯನಾಳ ಹಾವಿನಂತೆ ಅಂಕುಡೊಂಕು. ಇಲ್ಲಿ ಸಿಲಿಯಾ ಇಲ್ಲ, ಗೋಡೆಯಲ್ಲಿ ಸ್ನಾಯು ಇದೆ. ವೀರ್ಯಾಣು ಉಳಿಯುವ ಕಣಜ ಇದೇ.

ಗುಬ್ಬಚ್ಚಿಯಂಥ ಪುಟ್ಟ ಹಕ್ಕಿಗಳಲ್ಲಿ ಈ ನಾಳದ ತುದಿ ದಾರದುಂಡೆಯ ಹಾಗೆ ಸುತ್ತಿಕೊಂಡು, ಮರಿ ಮಾಡುವ ಕಾಲದಲ್ಲಿ ಬಾಲದ ಕೆಳಗೆ ಉಬ್ಬಿ ನಿಲ್ಲುತ್ತದೆ. ಆ ಉಬ್ಬು ಹೊಟ್ಟೆಯೊಳಗಿಗಿಂತ ತಂಪು. ಹಕ್ಕಿಯ ಕಾಲಿಗೆ ಗುರುತಿನ ಉಂಗುರ ತೊಡಿಸುವವರು ಅಲ್ಲಿನ ಪುಕ್ಕವನ್ನು ಉಫ್ ಎಂದು ಊದಿ ಸರಿಸುತ್ತಾರೆ. ಉಬ್ಬು ಕಂಡರೆ, ಗಂಡು ಎಂದು ಬರೆದುಕೊಳ್ಳುತ್ತಾರೆ.