ರಿಪೋರ್ಟಿನ ದಪ್ಪ ಅಕ್ಷರಗಳು

ಕೇಳುಗರೇ, ನಮಸ್ಕಾರ.

ಬೆಂಗಳೂರಿನಲ್ಲಿ ಈಗ ಯಾವ ಬಡಾವಣೆಗೆ ಹೋದರೂ ಒಂದು ಲ್ಯಾಬ್ ಇದ್ದೇ ಇರುತ್ತದೆ. ಜಯನಗರ, ರಾಜಾಜಿನಗರ, ಯಲಹಂಕ, ಎಲ್ಲಾ ಕಡೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ರಕ್ತ ಕೊಟ್ಟು, ಪಕ್ಕದ ದರ್ಶಿನಿಯಲ್ಲಿ ತಿಂಡಿ ಮುಗಿಸಿ ಮನೆಗೆ ಬರುತ್ತೇವೆ. ಸಂಜೆಯಷ್ಟರಲ್ಲಿ ರಿಪೋರ್ಟ್ ಮೊಬೈಲಿಗೇ ಬಂದಿರುತ್ತದೆ. ಡಾಕ್ಟರ್ ಸಿಗುವುದು ನಾಳೆಯೋ ನಾಡಿದ್ದೋ. ಅಷ್ಟರಲ್ಲಿ ದಪ್ಪ ಅಕ್ಷರದ ಒಂದು ಅಂಕಿ ನೋಡಿ ನಿದ್ದೆ ಬಿಟ್ಟವರನ್ನು ನಾನು ತುಂಬಾ ನೋಡಿದ್ದೇನೆ. ಇವತ್ತಿನ ಮಾತು ಅಂಥವರಿಗಾಗಿ.

ಅಂಕಿಯ ಪಕ್ಕದಲ್ಲಿ 'ರೆಫರೆನ್ಸ್ ರೇಂಜ್' ಅಂತ ಒಂದು ಸಾಲು ಇರುತ್ತದೆ. ಅದು ಹೇಗೆ ಬರುತ್ತದೆ? ಹೆಚ್ಚಿನ ಪರೀಕ್ಷೆಗಳಿಗೆ, ಆರೋಗ್ಯವಾಗಿರುವ ಬಹಳ ಜನರ ರಕ್ತ ತೆಗೆದು ನೋಡುತ್ತಾರೆ. ನೂರರಲ್ಲಿ ನಡುವಿನ 95 ಜನರ ಅಂಕಿ ಎಲ್ಲಿಂದ ಎಲ್ಲಿಯವರೆಗೆ ಇದೆಯೋ ಅದೇ ರೇಂಜ್. ಉಳಿದ 5 ಜನ? ಅವರೂ ಆರೋಗ್ಯವಂತರೇ, ಅಲ್ವಾ? ಆದರೆ ಅವರ ಅಂಕಿ ರಿಪೋರ್ಟಿನಲ್ಲಿ ದಪ್ಪಗೆ ಕಾಣುತ್ತದೆ.

ಈಗ 'ಫುಲ್ ಬಾಡಿ ಚೆಕಪ್' ಅಂತ ಪ್ಯಾಕೇಜ್ ಬಂದಿದೆ. ಒಂದಕ್ಕೊಂದು ಸಂಬಂಧ ಇಲ್ಲದ 20 ಪರೀಕ್ಷೆ ಮಾಡಿಸಿದಿರಿ ಅಂತಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ, ಪೂರ್ತಿ ಆರೋಗ್ಯವಾಗಿರುವ ಮನುಷ್ಯನಿಗೂ ಒಂದಾದರೂ ಅಂಕಿ ರೇಂಜಿನ ಹೊರಗೆ ಬೀಳುವ ಸಾಧ್ಯತೆ ಶೇಕಡಾ 64. ಪರೀಕ್ಷೆ ಜಾಸ್ತಿಯಾದಷ್ಟೂ ಇದು ಏರುತ್ತದೆ. ಹಾಗಾಗಿ ಒಂದು ಅಂಕಿ ಕೂದಲೆಳೆಯಷ್ಟು ಆಚೆ ಹೋಗಿದ್ದರೆ ಸುಮ್ನೆ ಗಾಬರಿ ಬೇಡ. ಡಾಕ್ಟರಿಗೆ ತೋರಿಸಿ, ಕೇಳಿ, ಅಷ್ಟೇ. ಅಂಕಿ ರೇಂಜಿನಿಂದ ತುಂಬಾ ದೂರ ಇದ್ದರೆ ಮಾತ್ರ ನಾಳೆಯವರೆಗೆ ಕಾಯಬೇಡಿ, ಅವತ್ತೇ ಫೋನ್ ಮಾಡಿ.

ಅಂಕಿಯ ಹಾಗೆ ರಿಪೋರ್ಟಿನ ಕೆಲವು ಪದಗಳೂ ಗಾಬರಿ ಹುಟ್ಟಿಸುತ್ತವೆ. 'ನೆಗೆಟಿವ್' ಅಂದರೆ ಹುಡುಕಿದ್ದು ಸಿಗಲಿಲ್ಲ ಅಂತ. ಬಯಾಪ್ಸಿ, ಅಂದರೆ ದೇಹದಿಂದ ಸಣ್ಣ ತುಣುಕು ತೆಗೆದು ನೋಡುವ ಪರೀಕ್ಷೆ, ಅದರ ಕಾಗದದಲ್ಲಿ 'ನೆಗೆಟಿವ್ ಫಾರ್ ಮ್ಯಾಲಿಗ್ನೆನ್ಸಿ' ಎಂದಿದ್ದರೆ, ಆ ತುಣುಕಿನಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಅದನ್ನು ಓದಿ ಅಳುತ್ತಾ ಕೂತವರಿದ್ದಾರೆ, ಪಾಪ. 'ಬಿನೈನ್' ಅಂದರೆ ಬೇರೆ ಅಂಗಕ್ಕೆ ಹರಡದ ಗಂಟು. ಇನ್ನು 'ಅಕ್ಯೂಟ್', 'ಕ್ರಾನಿಕ್' ಎಂಬ ಜೋಡಿ. ಇವು ಕಾಯಿಲೆ ಎಷ್ಟು ಜೋರು ಅಂತ ಹೇಳುವುದಿಲ್ಲ, ಎಷ್ಟು ಕಾಲದ್ದು ಅಂತ ಹೇಳುತ್ತವೆ. ದಿಢೀರನೆ ಬಂದದ್ದು ಅಕ್ಯೂಟ್. ತಿಂಗಳು, ವರ್ಷಗಟ್ಟಲೆ ಜೊತೆಗಿರುವುದು ಕ್ರಾನಿಕ್. ಮಾಮೂಲಿ ನೆಗಡಿಯೂ ಅಕ್ಯೂಟೇ.

ಡೆಂಗಿ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡಬೇಕು. ಮಳೆಗಾಲ ಬಂತೆಂದರೆ ನಮ್ಮ ಊರಿನಲ್ಲಿ ಇದೇ ಮಾತು. 2024ರಲ್ಲಿ ರಾಜ್ಯ ಸರ್ಕಾರ ಇದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. 'ಬಿಳಿ ರಕ್ತಕಣ ಕಡಿಮೆಯಾಗಿದೆಯಂತೆ' ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅವರು ಹೇಳುತ್ತಿರುವುದು ಪ್ಲೇಟ್‌ಲೆಟ್ ಬಗ್ಗೆ. ಬಿಳಿ ರಕ್ತಕಣಗಳು ಸೋಂಕಿನ ಜೊತೆ ಹೋರಾಡುತ್ತವೆ. ಪ್ಲೇಟ್‌ಲೆಟ್‌ಗಳು ರಕ್ತ ಹೆಪ್ಪುಗಟ್ಟಲು ಬೇಕು. ಡೆಂಗಿಯಲ್ಲಿ ಎರಡೂ ಇಳಿಯಬಹುದು, ಆದರೆ ಅವು ಬೇರೆ ಬೇರೆ.

ಜ್ವರ ಶುರುವಾದ ಮೊದಲ ದಿನಗಳಲ್ಲಿ 'ಎನ್‌ಎಸ್1 ಆಂಟಿಜೆನ್' ನೋಡುತ್ತಾರೆ. ಆಂಟಿಜೆನ್ ಇಲ್ಲಿ ವೈರಸ್ಸಿನದೇ ಒಂದು ಪ್ರೋಟೀನ್. 'ಐಜಿಎಂ', 'ಐಜಿಜಿ' ಎರಡೂ ಆಂಟಿಬಾಡಿಗಳು, ಅಂದರೆ ನಮ್ಮ ದೇಹ ವೈರಸ್ಸಿನ ವಿರುದ್ಧ ತಯಾರಿಸಿದ್ದು. ಐಜಿಎಂ ಕಾಣಿಸಿಕೊಳ್ಳಲು ನಾಲ್ಕೈದು ದಿನ ಬೇಕು. ಅದಕ್ಕೇ ಎರಡನೇ ದಿನ ಐಜಿಎಂ ಮಾತ್ರ ಮಾಡಿಸಿ 'ಡೆಂಗಿ ಇಲ್ಲ' ಅಂತ ನಿರಾಳ ಆಗುವ ಹಾಗಿಲ್ಲ. ಲ್ಯಾಬಿನವರಿಗೆ ಜ್ವರದ ಎಷ್ಟನೇ ದಿನ ಅಂತ ಹೇಳಲೇಬೇಕು. ಆ ಮಾಹಿತಿ ಇಲ್ಲದೆ ಈ ರಿಪೋರ್ಟಿಗೆ ಅರ್ಧ ಅರ್ಥ ಮಾತ್ರ.

ಪ್ಲೇಟ್‌ಲೆಟ್ ಸಾಮಾನ್ಯವಾಗಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತದೆ. 80 ಸಾವಿರಕ್ಕೆ ಇಳಿದ ಕೂಡಲೇ ಮನೆಯವರು ರಕ್ತನಿಧಿಗೆ ಓಡುತ್ತಾರೆ. ರಕ್ತಸ್ರಾವ ಇಲ್ಲದಿದ್ದರೆ ಸಾಮಾನ್ಯವಾಗಿ 10 ಸಾವಿರಕ್ಕಿಂತ ಕೆಳಗೆ ಇಳಿಯುವವರೆಗೆ ಪ್ಲೇಟ್‌ಲೆಟ್ ಕೊಡುವ ಮಾತು ಬರುವುದಿಲ್ಲ. ನನ್ನ ಕೇಳಿದರೆ, ಅದೇ ಕಾಗದದಲ್ಲಿ 'ಪಿಸಿವಿ' ಅಥವಾ 'ಹೆಮಟೊಕ್ರಿಟ್' ಎಂಬ ಸಾಲನ್ನೂ ನೋಡಬೇಕು. ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಅಂತ ಅದು ಹೇಳುತ್ತದೆ. ಡೆಂಗಿಯಲ್ಲಿ ರಕ್ತನಾಳಗಳಿಂದ ನೀರಿನಂಶ ಸೋರಿದರೆ ರಕ್ತ ಮಂದವಾಗುತ್ತದೆ, ಪಿಸಿವಿ ಏರುತ್ತದೆ. ಜೀವಕ್ಕೆ ಅಪಾಯ ಬಹಳ ಸಲ ಈ ಸೋರಿಕೆಯಿಂದಲೇ ಬರುತ್ತದೆ. ಅದೂ ಯಾವಾಗ? ಜ್ವರ ಬಿಡುವ ಹೊತ್ತಿಗೆ! 'ಜ್ವರ ಹೋಯ್ತು, ಇನ್ನೇನಿಲ್ಲ' ಅಂತ ಮನೆಯಲ್ಲಿ ಎಲ್ಲರೂ ಉಸಿರು ಬಿಡುವಾಗ ಮುಂದಿನ ಒಂದೆರಡು ದಿನ ಕಣ್ಣಿಟ್ಟು ನೋಡಿ. ಹೊಟ್ಟೆ ತುಂಬಾ ನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ಮಂಕು ಬಡಿದಂಥ ಸುಸ್ತು, ಇವುಗಳಲ್ಲಿ ಒಂದಿದ್ದರೂ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಸಕ್ಕರೆ ಕಾಯಿಲೆಯವರಿಗೆ 'ಎಚ್‌ಬಿಎ1ಸಿ' ಪರಿಚಯವೇ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟೂ ದಿನ ರಕ್ತದ ಸಕ್ಕರೆ ಅದರ ಹಿಮೊಗ್ಲೋಬಿನ್ನಿಗೆ ಅಂಟಿಕೊಳ್ಳುತ್ತಾ ಹೋಗುತ್ತದೆ. ಹಾಗಾಗಿ ಇದು ಹಿಂದಿನ ಎರಡು ಮೂರು ತಿಂಗಳ ಸರಾಸರಿ. ಪರೀಕ್ಷೆಯ ಹಿಂದಿನ ದಿನ ಹೋಳಿಗೆ ಬಿಟ್ಟರೆ ಇದು ಬದಲಾಗದು. 6.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಡಯಾಬಿಟಿಸ್, 5.7ರಿಂದ 6.4ರವರೆಗೆ ಅದರ ಹೊಸ್ತಿಲು. ಒಂದು ಮಾತು ಮಾತ್ರ ನೆನಪಿರಲಿ: ಕಬ್ಬಿಣಾಂಶ ಕಡಿಮೆಯಾಗಿ ರಕ್ತಹೀನತೆ ಇರುವವರಲ್ಲಿ ಈ ಅಂಕಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ನಮ್ಮಲ್ಲಿ ಹೆಂಗಸರಿಗೆ ರಕ್ತಹೀನತೆ ತುಂಬಾ ಇದೆ. ಆದ್ದರಿಂದ ಡಾಕ್ಟರ್ ಹತ್ತಿರ ಹೋಗುವಾಗ ಹಿಮೊಗ್ಲೋಬಿನ್ ರಿಪೋರ್ಟನ್ನೂ ಜೊತೆಗೆ ಒಯ್ಯಿರಿ.

ಕೊನೆಯದಾಗಿ ಕ್ರಿಯಾಟಿನಿನ್. ನಮ್ಮ ಮಾಂಸಖಂಡಗಳಿಂದ ದಿನವೂ ಬರುವ ಕಸ ಇದು. ಮೂತ್ರಪಿಂಡ ಅದನ್ನು ಜರಡಿ ಹಿಡಿದ ಹಾಗೆ ಸೋಸಿ ಹೊರಗೆ ಹಾಕುತ್ತದೆ. ರಿಪೋರ್ಟಿನಲ್ಲಿ 1.1 ಅಂತಿದೆ ಎಂದುಕೊಳ್ಳಿ. 25 ವರ್ಷದ ಹುಡುಗನಿಗೆ ಇದು ಸರಿಯಾದ ಅಂಕಿ. ಅವನ ಮೂತ್ರಪಿಂಡ ಸೋಸುವ ವೇಗ, ಅಂದರೆ 'ಇಜಿಎಫ್‌ಆರ್', ಸುಮಾರು 95 ಬರುತ್ತದೆ. 70 ವರ್ಷದ ಅಜ್ಜಿಗೂ ಅದೇ 1.1 ಬಂದರೆ? ಅವರ ಇಜಿಎಫ್‌ಆರ್ ಸುಮಾರು 54. ಅದು 60ಕ್ಕಿಂತ ಕೆಳಗೆ ಮೂರು ತಿಂಗಳು ನಿಂತರೆ ಮೂತ್ರಪಿಂಡದ ಕ್ರಾನಿಕ್ ಕಾಯಿಲೆ ಎನ್ನುತ್ತಾರೆ. ಒಂದೇ ಅಂಕಿ, ಇಬ್ಬರಿಗೆ ಎರಡು ಸುದ್ದಿ.

ಇನ್ನೂ ಒಂದಿದೆ. ಹೋದ ವರ್ಷ 0.7 ಇದ್ದ ಕ್ರಿಯಾಟಿನಿನ್ ಈ ವರ್ಷ 1.1 ಆದರೆ, ಎಷ್ಟೋ ಲ್ಯಾಬುಗಳಲ್ಲಿ ಎರಡೂ ರೇಂಜಿನ ಒಳಗೇ ಇರುತ್ತವೆ. ದಪ್ಪ ಅಕ್ಷರ ಎಲ್ಲೂ ಕಾಣುವುದಿಲ್ಲ. ಆದರೂ ಡಾಕ್ಟರ್ ಕೇಳಬೇಕಾದ ವಿಷಯ ಅದು. ಹೋದ ವರ್ಷದ ಕಾಗದ ಕೈಯಲ್ಲಿದ್ದರೆ ಮಾತ್ರ ಅವರು ಕೇಳಲು ಸಾಧ್ಯ. ಹಾಗಾಗಿ ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಫೈಲ್ ಮಾಡಿ. ಹಳೆಯ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿಡಿ. ಮುಂದಿನ ಸಲ ಡಾಕ್ಟರ್ ಮುಂದೆ ಕೂತಾಗ ಅದನ್ನು ಪೂರ್ತಿ ಕೊಟ್ಟು, 'ಮೊದಲಿಗೂ ಈಗಿಗೂ ಏನು ವ್ಯತ್ಯಾಸ?' ಅಂತ ಕೇಳಿ.

ನಮಸ್ಕಾರ.